ಮುಹೂರ್ತಕ್ಕೆ ತೆರೆಯದ ಸರ್ವರ್

ಆದೋನಿಯ ನಮ್ಮ ಹತ್ತಿ ಮಿಲ್ಲಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಹಟಮಾರಿ ಎಂಬ ಹೆಸರು ನನಗೆ ಮೊದಲಿನಿಂದಲೂ ಇದೆ. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯೇ, ಏನೀಗ?

ಹೊಸ ಕ್ಲೌಡ್ ಸರ್ವರ್ ಶುರುಮಾಡಲು ಮಿಲ್ಲಿನ ಸಾಹುಕಾರರು ಶುಕ್ರವಾರ ಬೆಳಿಗ್ಗೆ ಮುಹೂರ್ತ ಇಡಿಸಿದ್ದರು. ಲ್ಯಾಪ್‌ಟಾಪಿಗೆ ವಿಭೂತಿ, ಕುಂಕುಮ, ಮುಂದೆ ತೆಂಗಿನಕಾಯಿ. ಅದೇ ಗಳಿಗೆಗೆ ಮಿಲ್ಲಿನ ಹೊಸ ಪುಟವನ್ನು ಫೋನಿನಲ್ಲಿ ತೆರೆದು ನೋಡಿ ಎಂದು ಪೆದ್ದಕಡುಬೂರು, ಚಿಪ್ಪಗಿರಿಯ ಬೀಗರಿಗೆಲ್ಲ ಹೇಳಿಯೂಬಿಟ್ಟಿದ್ದರು.

ತೊಂದರೆ ಇದ್ದದ್ದು ಸರ್ವರಿನ ಇಮೇಜಿನಲ್ಲಿ, ಅಂದರೆ ಎಲ್ಲ ತುಂಬಿ ಸಿದ್ಧವಾಗಿ ಬರುವ ನಕಲಿನಲ್ಲಿ. ಅದು ನನ್ನ ಕೈಗೆ ಸಿಕ್ಕಿದ್ದೇ ಹಿಂದಿನ ದಿನ. ಮಾರಿದವನು ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದ. ಕೇಳಿದರೆ “ಏಂ ಕಾದು ಮೇಡಂ” ಎಂದು ನಕ್ಕ. ಏನೂ ಆಗಲ್ಲವಂತೆ! ಮಿಲ್ಲಿಗೆ ಹತ್ತಿ ತರುವ ರೈತರ ಆಧಾರ್, ಬ್ಯಾಂಕ್ ನಂಬರುಗಳೆಲ್ಲ ಅದರೊಳಗೆ ಹೋಗಬೇಕಿತ್ತು. ಆ ರೈತರಲ್ಲಿ ನನ್ನಪ್ಪನೂ ಒಬ್ಬ.

“ಮುಹೂರ್ತ ಮೀರತೈತಿ ತಾಯಿ, ಬಟನ್ ಒತ್ತು,” ಸಾಹುಕಾರರು ಅವಸರಪಡಿಸಿದರು.

“ಒತ್ತತೀನ್ರಿ. ಆದ್ರ ಹೊರಗಿನ ಬಾಗಿಲ ತೆಗಿಯಂಗಿಲ್ಲ. ಪಾಸ್‌ವರ್ಡ್ ಬದಲಿ ಮಾಡಿ, ಒಳಗ ಏನೇನೈತಿ ನೋಡೋತನಕ ಮಿಲ್ಲಿನಾಗ ಅಷ್ಟೇ ಕಾಣತೈತಿ.”

ಕಾಯಿ ಒಡೆದರು. ಬೀಗರ ಫೋನುಗಳಲ್ಲಿ ಏನೂ ಕಾಣಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಕರೆ ಮಾಡಿದರು.

“ನಾಲ್ಕು ಮಂದ್ಯಾಗ ನನ್ನ ಮರ್ಯಾದಿ ಕಳದಿ!” ಎಂದು ಸಾಹುಕಾರರು ಕೆಂಡವಾದರು.

ನನಗೂ ಸಿಟ್ಟು ನೆತ್ತಿಗೇರಿತು. ಅದೇ ಇಮೇಜಿನಿಂದ ಇನ್ನೊಂದು ಸರ್ವರ್ ಎಬ್ಬಿಸಿ, ಯಾರ ವಿವರವನ್ನೂ ಹಾಕದೆ, ಬಾಗಿಲು ತೆರೆದುಬಿಟ್ಟೆ. “ಊಟ ಮಾಡಿ ಬರ್ರಿ, ತೋರಸ್ತೀನಿ,” ಎಂದೆ.

ಊಟ ಮುಗಿಸಿ ಬಂದವರಿಗೆ ಪರದೆ ತೋರಿಸಿದೆ. ಎಲ್ಲೆಲ್ಲಿಯವರೋ ಬಾಗಿಲು ಬಡಿದದ್ದು ಸಾಲುಸಾಲಾಗಿ ದಾಖಲಾಗಿತ್ತು. ಒಬ್ಬನಂತೂ ಮಾರಿದವನು ಎಲ್ಲರಿಗೂ ಕೊಟ್ಟಿದ್ದ ಆ ಪಾಸ್‌ವರ್ಡ್ ಹಾಕಿ ಒಳಗೇ ಬಂದಿದ್ದ.

“ಯಾರಿಂವ? ನಮ್ಮ ಮ್ಯಾಲ ಏನ್ ಸಿಟ್ಟು ಇವಂಗ?”

“ನೀವು ಯಾರಂತನೂ ಅವಂಗ ಗೊತ್ತಿಲ್ರಿ. ಬಾಗಿಲ ತೆರದೈತಿ, ಬಂದಾನ.”

“ರೈತರ ನಂಬರು?” ಅವರ ದನಿ ಇಳಿದಿತ್ತು.

“ಇದರಾಗ ಇಲ್ರಿ. ಇದು ಖಾಲಿ,” ಎಂದು ಅವರೆದುರೇ ಆ ಸರ್ವರನ್ನು ಅಳಿಸಿಹಾಕಿದೆ.

ಸಾಹುಕಾರರು ತಾವೇ ಪೆದ್ದಕಡುಬೂರಿಗೆ ಫೋನ್ ಹಚ್ಚಿದರು. “ಇವತ್ತು ಕಾಣಂಗಿಲ್ರಿ ಬೀಗರ. ನಮ್ಮ ಹುಡುಗಿ ಇನ್ನಾ ಬಾಗಿಲ ಭದ್ರ ಮಾಡಾಕತ್ತಾಳ. ಆಕಿ ಹೂಂ ಅಂದಾಗ ಮುಹೂರ್ತ.”

ಹೂಂ ಅನ್ನಲು ನನಗೆ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಸರ್ವರಿನೊಳಗೆ ಮೊದಲು ಹಾಕಿದ ರೈತನ ಹೆಸರು ನನ್ನಪ್ಪನದು.