ಚಂದ್ರನಿಲ್ಲದ ಕ್ಯಾಲೆಂಡರ್

ಯುದ್ಧದ ವರ್ಷಗಳಲ್ಲೊಂದು, ಯಾವುದೆಂದು ಖಚಿತವಾಗಿ ಹೇಳಲಾರೆ. ಮದರಾಸಿನಲ್ಲಿ ಬಿ.ಎ. ಮುಗಿಸಿ ಗುಲ್ವಾಡಿಯ ಮನೆಗೆ ಬಂದಿದ್ದೆ. ಇಂಗ್ಲಿಷ್ ಕ್ಯಾಲೆಂಡರ್ ಹುಟ್ಟಿದ ಬಗೆಯನ್ನು ಕುರಿತು ಲೇಖನ ಬರೆಯುವ ಹುರುಪು. ರೋಮನ್ನರ ತಿಂಗಳೂ ಮೊದಲು ಚಂದ್ರನನ್ನು ನೋಡಿಯೇ ಶುರುವಾಗುತ್ತಿತ್ತು. ಅವರ ಪುರೋಹಿತರು ತಮಗೆ ಬೇಕಾದವರ ಅಧಿಕಾರ ಉದ್ದವಾಗಲೆಂದು ವರ್ಷಕ್ಕೆ ತಿಂಗಳು ಸೇರಿಸುತ್ತಿದ್ದರಂತೆ. ಬೇಸತ್ತ ಸೇನಾಧಿಪತಿಯೊಬ್ಬ ಈಜಿಪ್ಟಿನ ಲೆಕ್ಕ ತರಿಸಿ, ಚಂದ್ರನನ್ನು ಕೈಬಿಟ್ಟು, ವರ್ಷವನ್ನು ಸೂರ್ಯನಿಗೆ ಕಟ್ಟಿದ. ಶತಮಾನಗಳ ನಂತರ ಪೋಪ್ ಒಬ್ಬರು ಅದರ ತಪ್ಪು ತಿದ್ದಲು ಹತ್ತು ದಿನಗಳನ್ನೇ ಅಳಿಸಿದರು. ನಮ್ಮ ಪಂಚಾಂಗಕ್ಕೂ ಇಂಥದೇ ಚಿಕಿತ್ಸೆ ಬೇಕೆಂಬುದು ನನ್ನ ವಾದ.

ಆ ಬೆಳಿಗ್ಗೆ ಕುಂದಾಪುರದಿಂದ ಆಳು ಬಂದ. ಅಮ್ಮನ ತಾಯಿಗೆ ಮಾತು ನಿಲ್ಲುತ್ತಿದೆ, ಮಗಳನ್ನು ಕೇಳುತ್ತಿದ್ದಾರೆ ಎಂದ. ಪೆಟ್ರೋಲಿಲ್ಲದೆ ಬಸ್ಸು ನಿಂತಿತ್ತು, ಅಮ್ಮನಿಗೆ ಮಂಡಿನೋವು. ಹೊಳೆಯೇ ದಾರಿ. ದೋಣಿಯವನನ್ನು ಕರೆಸಿ ಮೂರು ಗಂಟೆಗೆ ಬಾ ಎಂದೆ. ಲೇಖನದ ಎರಡು ಪುಟ ಉಳಿದಿತ್ತು.

"ಇವತ್ತ್ ಅಮಾಸಿ ಅಯ್ಯಾ. ಹೋಪುದಾರೆ ಊಟದ್ ಮುಂಚೆ ಹೋಪ. ಮೂರ್ ಗಂಟಿಗ್ ಆತ್ತಿಲ್ಲೆ."

"ಎಂತ, ಅಮಾಸಿ ಭೂತ ಬಂದ್ ದೋಣಿ ಹತ್ತತ್ತಾ?"

"ನೀವ್ ಓದ್ದವ್ರ್, ಮದ್ರಾಸ್ ಕಂಡವ್ರ್. ನಾ ಎಂತ ಹೇಳುದ್."

ಅಮ್ಮ ಆಗಲೇ ಸೀರೆ ಬದಲಿಸಿ ಜಗಲಿಯಲ್ಲಿ ಕೂತಿದ್ದಳು. "ಈಗ್ಳೇ ಹೋಪ ಮಗ" ಎಂದಳು. ನಾನು ಒಳಗೆ ಹೋಗಿ ಬರೆಯಲು ಕೂತೆ.

ಮೂರಕ್ಕೆ ಹೊರಟೆವು. ಪೇಟೆ ಕಾಣುವಷ್ಟು ಹತ್ತಿರ ಬಂದಾಗ ದೋಣಿಯ ಅಡಿ ಕೆಸರಿಗೆ ಕೂತಿತು. ಗಳ ಊರಿ ಎಷ್ಟು ತಳ್ಳಿದರೂ ಮಿಸುಕಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕಡಲು ತುಂಬ ಏರಿ ತುಂಬ ಇಳಿಯುತ್ತದೆ. ಅದರೊಡನೆ ನಮ್ಮ ಹೊಳೆಯೂ. ಮಧ್ಯಾಹ್ನ ದಡ ಮುಟ್ಟಿದ್ದ ನೀರು ಸಂಜೆಗೆ ಬರಿದಾಗಿತ್ತು. ಇದರಲ್ಲಿ ಮೂಢನಂಬಿಕೆ ಎಲ್ಲಿದೆ? ಉಬ್ಬರವಿಳಿತದ ಪ್ರಶ್ನೆಗೆ ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರ ಬರೆದವನು ನಾನು.

"ನಡ್ಕಂಡೇ ಹೋತೆ" ಎಂದು ಅಮ್ಮ ಕಾಲು ಹೊರಗಿಟ್ಟಳು. ಮಂಡಿಯವರೆಗೆ ಹೂತು, ನಾವಿಬ್ಬರೂ ಹಿಡಿದು ಎತ್ತಬೇಕಾಯಿತು. ನೀರು ಮತ್ತೆ ಏರುವವರೆಗೂ ಆಕೆ ಪೇಟೆಯ ಕಡೆಗೇ ಮುಖ ಮಾಡಿ ಕೂತಿದ್ದಳು.

ನಾವು ಮುಟ್ಟುವಾಗ ಅಜ್ಜಿಯನ್ನು ನೆಲಕ್ಕೆ ಮಲಗಿಸಿಯಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಹೋದರಂತೆ. ಅಲ್ಲಿಯವರೆಗೂ ಬಾಗಿಲ ಕಡೆ ನೋಡುತ್ತಿದ್ದರಂತೆ.

"ಇಷ್ಟ್ ತಡ ಎಂತಕ್ ಮಾಡ್ದೆ?" ಎಂದು ಮಾವ ಅಮ್ಮನನ್ನು ಕೇಳಿದರು.

"ಹೊಳಿಯಂಗೆ ನೀರಿಲ್ದೆ ಆಯ್ತ್" ಎಂದಷ್ಟೇ ಅಂದಳು. ನನ್ನ ಮಾತೆತ್ತಲಿಲ್ಲ.

ದೋಣಿಯವನು ಬೆಳಿಗ್ಗೆ ನೀರಿಳಿಯುವ ಮಾತು ಆಡಿದ್ದನೇ? ನನ್ನ ನೆನಪಿನಲ್ಲಿ ಅಮಾಸಿಯಷ್ಟೇ ಇದೆ. ಆಡಿರಲಿಲ್ಲವೆಂದಾದರೆ ನನ್ನ ತಪ್ಪು ಸ್ವಲ್ಪ ಹಗುರ. ಅದಕ್ಕೇ ಆ ನೆನಪನ್ನು ನಂಬಲಾರೆ. ಅಮ್ಮ ಆಗ ಜಗಲಿಯಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಆಮೇಲೆ ಎಷ್ಟೋ ವರ್ಷ ಬದುಕಿದ್ದಳು. ಒಮ್ಮೆ ಕೇಳಿದ್ದರೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ.