ಒಗೆಯದ ಅಂಗಿ

ಮದುವೆಯಾಗಿ ಕಡಲತಡಿಯ ದೊಂಗ್‌ಶಿಗೆ ಬಂದಂದಿನಿಂದ ಆತ್ವಾನ್ ಕಪ್ಪೆಚಿಪ್ಪು ಬಿಡಿಸಿದ್ದೇ ಬಿಡಿಸಿದ್ದು. ಅವಳು ಚಾಕು ತಿರುವಿದರೆ ಎಂಥ ಹಟಮಾರಿ ಚಿಪ್ಪೂ ಬಾಯಿ ತೆರೆಯಬೇಕು. ಅಷ್ಟು ಪಳಗಿದ ಕೈ ತೈಪೆಯ ಮೆಟ್ರೋ ನಿಲ್ದಾಣದಲ್ಲಿ ಮೊಮ್ಮಗನನ್ನು ಬಿಟ್ಟಿತು.

ನಾಲ್ಕು ದಿನ ಸಾಲಾಗಿ ರಜೆ ಬಂದದ್ದಕ್ಕೆ ಮಗ ವೆನ್‌ಕೈ, ಸೊಸೆ ಪೇಜುನ್ ಅವಳನ್ನೂ ತೈಪೆ ಸುತ್ತಲು ಹೊರಡಿಸಿದ್ದರು. ಮೊಮ್ಮಗನಿಗೆ ಎರಡು ವರ್ಷ. ಬೆಳ್ಳಗೆ ದುಂಡಗೆ ಇದ್ದುದರಿಂದ ಮನೆಮಂದಿಗೆಲ್ಲ ಅವನು ಮೂಲಂಗಿ. ಅವನಿಗೆ ಎತ್ತರದ ಕಟ್ಟಡವೂ ಬೇಡ, ಮೃಗಾಲಯದ ಪಾಂಡಾವೂ ಬೇಡ. ತಾನಾಗಿ ಮೇಲೇರುವ ಮೆಟ್ಟಿಲು ಸಿಕ್ಕರೆ ಸಾಕು, ಹತ್ತಿ ಇಳಿದು ಅಜ್ಜಿಯ ಸೊಂಟ ಮುರಿಯುತ್ತಿದ್ದ.

ಎರಡನೆಯ ದಿನ ಮಧ್ಯಾಹ್ನ ರೈಲು ಬಂದಾಗ ಮಗ, ಸೊಸೆ ಮಗುವಿನ ತಳ್ಳುಗಾಡಿಯೊಂದಿಗೆ ಮೊದಲು ಹತ್ತಿದರು. ಅವರ ಹಿಂದೆ ಮೂಲಂಗಿಯ ಕೈ ಹಿಡಿದು ಆತ್ವಾನ್. ಅವನ ಬೂಟು ಕಳಚಿತು. ಅವಳು ಕೈ ಬಿಟ್ಟು ಬಗ್ಗಿದಳು. ಎದ್ದು ನೋಡುವಷ್ಟರಲ್ಲಿ ರೈಲಿನ ಬಾಗಿಲು ಮುಚ್ಚಿತ್ತು, ಮಗು ಇರಲಿಲ್ಲ. ಒಳಗೆ ಓಡಿದನೋ, ಜನರ ನಡುವೆ ಎತ್ತಲೋ ಹೋದನೋ ತಿಳಿಯಲಿಲ್ಲ. ಅವಳ ಫೋನು ತಳ್ಳುಗಾಡಿಯ ಚೀಲದಲ್ಲಿತ್ತು. ಬೂಟು ಹಿಡಿದುಕೊಂಡು ಅಲ್ಲೇ ನಿಂತಳು.

ಸೊಸೆ ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಬಂದಾಗ ಮೂಲಂಗಿ ಅವಳ ಸೊಂಟದ ಮೇಲೆ ಕೂತು ನಗುತ್ತಿದ್ದ. "ಅಜ್ಜಿ, ಬೂಟು," ಎಂದು ಕಾಲು ಚಾಚಿದ.

ಸಂಜೆ ಹೋಟೆಲಿನ ಕೋಣೆಯಲ್ಲಿ ಆತ್ವಾನ್ ಮಾತು ತೆಗೆದಳು. "ಮಗು ಬೆದರಿದೆ. ಅದರ ಜೀವ ಆ ಪ್ಲಾಟ್‌ಫಾರ್ಮಲ್ಲೇ ಉಳ್ಕೊಂಡಿದೆ. ಹಿಂದಿನ ಬೀದೀಲಿ ಗುಡಿ ಇದೆ, ಹೆದರಿಕೆ ತೆಗೆಸ್ಕೊಂಡು ಬರೋಣ."

"ಬೆದರಿದಾನಾ? ಎರಡು ಬಟ್ಟಲು ನೂಡಲ್ಸ್ ಎಳೆದಿದಾನೆ ಅತ್ತೆ," ಎಂದಳು ಪೇಜುನ್. ಅವಳು ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದವಳು, ಇಂಥದ್ದನ್ನೆಲ್ಲ ನಂಬುತ್ತಿರಲಿಲ್ಲ. "ಆ ಗುಡಿ ಹೊಗೇಲಿ ಮಗೂನ ನಿಲ್ಲಿಸಬೇಕಾ?"

"ಮಗು ಬರೋದು ಬೇಡ. ಅವನು ಇವತ್ತು ಹಾಕಿದ್ದ ಅಂಗಿ ಕೊಡು, ಸಾಕು."

"ಅದನ್ನ ಆಗಲೇ ಒಗೆದುಬಿಟ್ಟೆನಲ್ಲ."

ಆತ್ವಾನ್ ಮುಖ ಗಂಟಿಕ್ಕಿದಳು. ಅಂಗಿಯಲ್ಲಿ ಮೈಯ ಬೆವರು ಇರಬೇಕು. ಒಗೆದ ಬಟ್ಟೆಯ ಮೇಲೆ ಊದುಬತ್ತಿ ಆಡಿಸಿ ಹೆಸರು ಕರೆದರೆ ಯಾವ ಜೀವ ಗುರುತು ಹಿಡಿದು ಬಂದೀತು?

ವೆನ್‌ಕೈ ನಡುವೆ ಬಾಯಿ ಹಾಕಿದ. "ನನ್ನ ಅಂಗಿ ತಗೊಂಡ್ಹೋಗಮ್ಮ, ಬೇಕಾದಷ್ಟು ಬೆವರಿದೆ." ಯಾರೂ ನಗಲಿಲ್ಲ.

ಮರುದಿನ ಮೃಗಾಲಯದಲ್ಲಿ ಮೂಲಂಗಿ ಕೈ ಚಾಚಿದಾಗಲೆಲ್ಲ ಆತ್ವಾನ್ ತನ್ನ ಕೈಗಳನ್ನು ಜೇಬಿಗೆ ಸೇರಿಸಿ, "ಅಪ್ಪನ ಹತ್ರ ಹೋಗು," ಎಂದಳು. ಊಟ ಸೇರಲಿಲ್ಲ. ಮೆಟ್ರೋ ಬಾಗಿಲು ಪೀಪ್ ಎಂದರೆ ಎರಡು ಹೆಜ್ಜೆ ಹಿಂದೆ ಸರಿದಳು. ಊರಿನಲ್ಲಿ ಮಗುವನ್ನು ದಿನವಿಡೀ ನೋಡಿಕೊಳ್ಳುವವಳು ಅವಳೇ. ಇನ್ನು ಸೊಸೆ ತನ್ನ ಕೈಗೆ ಅವನನ್ನು ಕೊಡಲಾರಳೆಂಬ ಭಯ ಅವಳನ್ನು ತಿನ್ನುತ್ತಿತ್ತು. ಬಾಯಿಬಿಟ್ಟು ಕೇಳಲು ಅಭಿಮಾನ ಅಡ್ಡ ಬಂತು. ಪೇಜುನ್ ಇದನ್ನೆಲ್ಲ ಗಮನಿಸುತ್ತಿದ್ದಳು.

ಹೊರಡುವ ದಿನ ಬೆಳಿಗ್ಗೆ ಚೀಲ ಕಟ್ಟುವಾಗ ಆತ್ವಾನಳ ನೀಲಿ ಹೂವಿನ ಅಂಗಿ ಸಿಗಲಿಲ್ಲ. ಅಂದು ನಿಲ್ದಾಣದಲ್ಲಿ ಅವಳು ತೊಟ್ಟಿದ್ದದ್ದು ಅದೇ. ಹಿಂದಿನ ದಿನ ಒಗೆಯುವ ಬಟ್ಟೆಗಳ ಜೊತೆ ಸೊಸೆ ಕೊಂಡೊಯ್ದದ್ದು ತಿರುಗಿ ಬಂದಿರಲಿಲ್ಲ. ಅಷ್ಟರಲ್ಲಿ ಪೇಜುನ್ ಹೊರಗಿನಿಂದ ಏದುಸಿರು ಬಿಡುತ್ತ ಬಂದು ಅಂಗಿಯನ್ನು ಮಂಚದ ಮೇಲಿಟ್ಟಳು. ಅವಳ ಕೂದಲಿನಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಅಂಗಿಯ ಕೊರಳಪಟ್ಟಿಯ ಒಳಗೆ, ಹೆದರಿಕೆ ತೆಗೆದ ಮೇಲೆ ಒತ್ತುವ ಗುಡಿಯ ಕೆಂಪು ಮುದ್ರೆ ಬಿದ್ದಿತ್ತು.

"ಗುಡಿಗೆ ಹೋಗಿದ್ಯಾ?"

"ಹೋಗಿದ್ದೆ. ಸಾಲು ಅಂದ್ರೆ ಸಾಲು. ನಿಮ್ಮ ಹೆಸರು, ಮನೆ ವಿಳಾಸ ಹೇಳಿದೆ. ಹುಟ್ಟಿದ ಗಳಿಗೆ ಗೊತ್ತಿರ್ಲಿಲ್ಲ. ಶುಭ ಗಳಿಗೆ ಅಂದ್ರೂ ನಡೆಯುತ್ತಂತೆ, ಹಾಗೇ ಅಂದೆ."

"ಬೆದರಿದ್ದು ಮಗು."

"ಹೂಂ, ಮಗುವೇ. ನೀವು ಹಾಕ್ಕೊಳ್ಳಿ, ಹೊತ್ತಾಯ್ತು."

ಆತ್ವಾನ್ ಬೆವರಿನ ಆ ಅಂಗಿಯನ್ನೇ ತೊಟ್ಟಳು. ಕಣ್ಣು ತುಂಬಿಕೊಂಡದ್ದಕ್ಕೆ ಊದುಬತ್ತಿಯನ್ನು ಬೈದಳು.

ಪ್ಲಾಟ್‌ಫಾರ್ಮಿನಲ್ಲಿ ಪೇಜುನ್ ಮೂಲಂಗಿಯನ್ನು ತಂದು ಅತ್ತೆಯ ಮುಂದೆ ನಿಲ್ಲಿಸಿದಳು. "ಹಿಡ್ಕೊಳ್ಳಿ ಅತ್ತೆ, ನಾನು ಗಾಡಿ ಮಡಚಬೇಕು."

ಆತ್ವಾನ್ ಜೇಬಿನಿಂದ ಕೈ ತೆಗೆದಳು. ಮೊದಲು ಬಗ್ಗಿ ಅವನ ಬೂಟಿನ ಪಟ್ಟಿ ಬಿಗಿದಳು. ಆಮೇಲೆ ಕೈ ಹಿಡಿದಳು.