ರಾಹುಕಾಲ ಕಳೆದು ಕವಾವ್ ದ್ವೀಪಕ್ಕೆ

ಅಕ್ಟೋಬರಿನ ಲೇಬರ್ ಡೇ ರಜೆಯ ಸೋಮವಾರ ಬೆಳಿಗ್ಗೆ ಏಳೂವರೆಯೊಳಗೆ ಆಕ್ಲೆಂಡ್ ಅಂಚಿನ ಬಾಟನಿ ಡೌನ್ಸ್‌ನ ನಮ್ಮ ಮನೆ ಬಿಡಬೇಕಿತ್ತು. ಬಿಡಲಾಗಲಿಲ್ಲ. ತಪ್ಪು ನನ್ನ ರೊಟ್ಟಿಯದು. ದ್ವೀಪದಲ್ಲಿ ಏನು ತಿನ್ನಲು ಸಿಗುತ್ತದೋ ಇಲ್ಲವೋ ಎಂದು ರೊಟ್ಟಿ ಬಡಿಯುತ್ತ ನಿಂತುಬಿಟ್ಟೆ. ಅವನ್ನು ಬಟ್ಟೆಯಲ್ಲಿ ಸುತ್ತಿ, ಶೇಂಗಾ ಚಟ್ನಿಯ ಡಬ್ಬಿ ಮುಚ್ಚುವ ಹೊತ್ತಿಗೆ ಏಳೂವರೆ ದಾಟಿತ್ತು. ಬಾಗಿಲಲ್ಲಿ ಬೂಟು ಹಾಕಿಕೊಂಡು ನಿಂತಿದ್ದ ನಮ್ಮ ಮನೆಯವರು ಬೂಟು ಬಿಚ್ಚಿಟ್ಟು ಸೋಫಾದ ಮೇಲೆ ಕೂತರು.

“ರಾಹುಕಾಲ ಸುರು ಆತು. ಒಂಬತ್ತರ ತನಕಾ ನಾ ಹೊಸ್ತಿಲಾ ದಾಟಂಗಿಲ್ಲ.”

“ಅಲ್ರೀ, ಅದು ಹುಬ್ಬಳ್ಳಿ ಕ್ಯಾಲೆಂಡರ್. ಹುಬ್ಬಳ್ಳ್ಯಾಗ ಈಗ ನಡುರಾತ್ರಿ. ರಾಹು ಇನ್ನೂ ಮಕ್ಕೊಂಡಿರ್ತಾನ.”

“ರಾಹುಗೇನು ವೀಸಾ ಬೇಕೇನ? ಇಲ್ಲಿ ಸೂರ್ಯಾಗ ಇಲ್ಲೀದ ಲೆಕ್ಕ.”

ಇವರು ಮೊದಲು ಇಂಥವನ್ನೆಲ್ಲ ನಂಬುವವರೇ ಅಲ್ಲ. ಮಾರ್ಚಿನಲ್ಲಿ ಬೈಪಾಸ್ ಆಪರೇಷನ್ ಆದಮೇಲೆ ಶುರುವಾದದ್ದು. ಎದೆನೋವು ಬಂದ ದಿನ ತಾವು ರಾಹುಕಾಲದಲ್ಲಿ ಮನೆ ಬಿಟ್ಟದ್ದು ಎಂದು ತಾವೇ ಲೆಕ್ಕ ಹಾಕಿಕೊಂಡರು. ಅದೇ ಏಪ್ರಿಲ್‌ಗೆ ನಾವು ಐರ್ಲೆಂಡಿಗೆ ಹೋಗುವವರಿದ್ದೆವು. ಅಲ್ಲಿನ ಕಡಲ ಬಂಡೆಗಳನ್ನೂ ಹಾಳು ಕೋಟೆಗಳನ್ನೂ ಫೋಟೋ ತೆಗೆಯಬೇಕೆಂಬುದು ಇವರ ಬಹಳ ವರ್ಷದ ಆಸೆ. ಟಿಕೆಟ್ ರದ್ದಾಯಿತು. ಕ್ಯಾಮೆರಾ ಕಪಾಟು ಸೇರಿತು, ಇವರು ಸೋಫಾ ಸೇರಿದರು. ನಾನು ಹೃದ್ರೋಗದ ವಾರ್ಡಿನಲ್ಲಿ ನರ್ಸ್. ಮಂದಿಯ ಗಂಡಂದಿರನ್ನೆಲ್ಲ ಕೈ ಹಿಡಿದು ನಡೆಸುತ್ತೇನೆ, ನನ್ನ ಗಂಡನನ್ನು ಲೆಟರ್‌ಬಾಕ್ಸ್ ದಾಟಿಸುವುದು ಆಗಿರಲಿಲ್ಲ. ಗುಡ್ಡ ಹತ್ತಿದರೂ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಹೆದರಿಕೆಗೆ ಆ ಮಾತು ಕೇಳಿಸಬೇಕಲ್ಲ!

ಐರ್ಲೆಂಡ್ ಇಲ್ಲದಿದ್ದರೆ ಬೇಡ, ಅಂಥದೇ ಒಂದು ಜಾಗ ಹತ್ತಿರದಲ್ಲಿ ನೋಡೋಣ ಎಂದು ನಾನೇ ಕವಾವ್ ದ್ವೀಪ ಹುಡುಕಿದ್ದೆ. ಅಲ್ಲಿ ಸಮುದ್ರದ ಅಂಚಿಗೆ ಹಳೆಯ ತಾಮ್ರದ ಗಣಿಯೊಂದರ ಪಂಪ್ ಮನೆ ಹಾಳುಬಿದ್ದಿದೆ. ನೀರು ಇಳಿದಾಗ ದಂಡೆಗುಂಟ ಸಪಾಟು ನಡೆದು ಅಲ್ಲಿಗೆ ಹೋಗಬಹುದು, ಏರು ಹತ್ತುವ ಕೆಲಸವಿಲ್ಲ. ಆ ದಿನ ಇಳಿತ ಇದ್ದದ್ದು ಹನ್ನೊಂದಕ್ಕೆ. ನನ್ನ ಉಪಾಯವೆಲ್ಲ ಆ ಹನ್ನೊಂದರ ಮೇಲೆ ನಿಂತಿತ್ತು.

ಒಂಬತ್ತು ಹೊಡೆದ ಮೇಲೆ ಹೊರಟೆವು. ಆಕ್ಲೆಂಡ್ ದಾಟಿ ಉತ್ತರಕ್ಕೆ ಒಂದೂವರೆ ತಾಸಿನ ದಾರಿ. ರಜೆಯಾದ್ದರಿಂದ ಮುಂದೆಲ್ಲ ದೋಣಿ ಎಳೆದುಕೊಂಡು ಹೋಗುವ ಯೂಟ್ ಎಂಬ ಪಿಕಪ್ ಗಾಡಿಗಳು. ಸ್ಯಾಂಡ್‌ಸ್ಪಿಟ್‌ನ ದೋಣಿ ಧಕ್ಕೆ ಮುಟ್ಟಿದಾಗ ಬೆಳಗಿನ ಫೆರಿ ಹೋಗಿಬಿಟ್ಟಿತ್ತು. ಮುಂದಿನದು ಮಧ್ಯಾಹ್ನಕ್ಕೆ. ಇಬ್ಬರಿಗೂ ಹೋಗಿಬರಲು ನೂರು ಡಾಲರಿಗೂ ಮೇಲೆ. ಬಿಸಿಲು ಚೆನ್ನಾಗಿತ್ತು, ಗಾಳಿ ಮಾತ್ರ ಚಳಿಯದು. ದೋಣಿ ನಡೆಸುವ ಬಿಳಿಗಡ್ಡದ ಮನುಷ್ಯ ನಮ್ಮನ್ನು ಇಳಿಸುತ್ತ, “ಕೊನೆಯ ದೋಣಿ ನಾಲ್ಕಕ್ಕೆ. ತಪ್ಪಿದರೆ ವೆಕಾ ಹಕ್ಕಿಗಳ ಜೊತೆ ಮಲಗಬೇಕು, ಅವು ಮಹಾ ಕಳ್ಳರು,” ಎಂದು ನಕ್ಕ.

ದಂಡೆಗೆ ಬಂದರೆ ನೀರು ಆಗಲೇ ಅರ್ಧ ಏರಿತ್ತು. ದಾರಿಯಾಗಬೇಕಿದ್ದ ಬಂಡೆಗಳ ಮೇಲೆ ತೆರೆ ಬಡಿಯುತ್ತಿತ್ತು. ಉಳಿದದ್ದು ಒಂದೇ, ಗುಡ್ಡದ ಮೇಲಿನ ಕಾಲುದಾರಿ. ಇವರು ತಲೆಯೆತ್ತಿ ಅದನ್ನು ನೋಡಿ ಒಂದು ಮರದ ಬೆಂಚಿನ ಮೇಲೆ ಕೂತರು.

“ನೀ ಹೋಗಿ ನೋಡ್ಕೊಂಡು ಬಾ. ನಾ ಇಲ್ಲೇ ರೊಟ್ಟಿ ಕಾಯ್ತೇನಿ.”

ನನಗೆ ಅಳು ಬಂತು, ಸಿಟ್ಟೂ ಬಂತು. “ನಾ ಒಬ್ಬಾಕಿನ ನೋಡಾಕ ಇಷ್ಟು ದೂರ ಬಂದೇನೇನ್ರೀ? ಇನ್ನ ಎಷ್ಟು ದಿವಸ ಹಿಂಗ ಕುಂದ್ರಾವ್ರು ನೀವು?” ಎಂದುಬಿಟ್ಟೆ. ಸಂಜೆ ಹೀಗೇ ಮನೆಗೆ ಮರಳಿದರೆ ಇವರು ಇನ್ನು ಸೋಫಾ ಬಿಡುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಮುಖ ತಿರುಗಿಸಿಕೊಂಡು ನೀರಿನ ಬಾಟಲಿಗೆಂದು ಚೀಲದಿಂದ ಸಾಮಾನು ಒಂದೊಂದೇ ತೆಗೆದು ಬೆಂಚಿನ ಮೇಲಿಟ್ಟೆ. ರೊಟ್ಟಿ, ಚಟ್ನಿ, ಕಪಾಟಿನಿಂದ ನಾನೇ ತೆಗೆದು ತಂದಿದ್ದ ಕ್ಯಾಮೆರಾ. ಲೆನ್ಸಿನ ಮುಚ್ಚಳ ಸಡಿಲಾಗಿ ಕೆಳಗೆ ಬಿತ್ತು.

ಎಲ್ಲಿತ್ತೋ, ಕೋಳಿಯಷ್ಟು ದಪ್ಪದ ಕಂದು ಹಕ್ಕಿಯೊಂದು ಪೊದೆಯಿಂದ ಬಂದು ಆ ಮುಚ್ಚಳ ಕಚ್ಚಿಕೊಂಡು ಕಾಲುದಾರಿ ಹಿಡಿದು ಓಡಿತು. ದೋಣಿಯವ ಹೇಳಿದ ವೆಕಾ ಇದೇ! ಹಾರಲು ಬಾರದ ಹಕ್ಕಿ, ಓಡಲು ಮಾತ್ರ ಬಲು ಜೋರು.

“ಏಯ್! ಬಿಡಲೇ ಅದನ್ನ! ಬಿಡ್ತೀಯೋ ಇಲ್ಲೋ ಮಗನ!” ಎನ್ನುತ್ತ ನಮ್ಮವರು ಎದ್ದು ಬೆನ್ನುಹತ್ತಿದರು. ನಾನು “ರೀ, ಸಾವಕಾಶ!” ಎಂದು ಕೂಗುವಷ್ಟರಲ್ಲಿ ಏರಿನ ಮೊದಲ ತಿರುವು ದಾಟಿದ್ದರು. ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ನಾನೂ ಓಡಿದೆ. ಜರಿಗಿಡಗಳ ನಡುವೆ ಅವರು ನಿಂತಿದ್ದರು, ಒಂದು ಕೈಯಲ್ಲಿ ಹಕ್ಕಿ ಬಿಟ್ಟುಹೋದ ಮುಚ್ಚಳ, ಇನ್ನೊಂದು ಕೈ ಎದೆಯ ಮೇಲೆ. ನನ್ನ ಜೀವ ಹಾರಿಹೋಯಿತು. ನಾಡಿ ಹಿಡಿದೆ. ಜೋರಾಗಿತ್ತು, ಆದರೆ ತಾಳ ತಪ್ಪಿರಲಿಲ್ಲ. ನಿಂತಿದ್ದಂತೆಯೇ ಬಡಿತ ಇಳಿಯಿತು.

“ನೋವು?”

“ಇಲ್ಲ.” ಹಿಂದೆ ತಿರುಗಿ ತಾವು ಹತ್ತಿದ ಏರು ನೋಡಿದರು. “ಇಲ್ಲಲೇ, ಏನೂ ಆಗಿಲ್ಲ!” ಆ ಮುಖದಲ್ಲಿ ಅಷ್ಟು ಆಶ್ಚರ್ಯ ನಾನು ಕಂಡಿರಲಿಲ್ಲ.

ಅಲ್ಲೇ ಕೂತು ರೊಟ್ಟಿ ತಿಂದೆವು. ಆಮೇಲೆ ಅವರೇ ಎದ್ದರು. ನಿಂತು ನಿಂತು, ದಮ್ಮು ತಗೊಂಡು ಗುಡ್ಡ ಹತ್ತಿ ಆಚೆ ಇಳಿದೆವು. ಮುರಿದ ಕಲ್ಲುಗೋಡೆ, ಬರಿದಾದ ಕಿಟಕಿ, ಮುಗಿಲಿಗೆ ನಿಂತ ಹಳೆಯ ಚಿಮಣಿ. ಸುತ್ತ ಕೆಂಪು ಬಂಡೆ. ಗಣಿ ಸಮುದ್ರದ ಕೆಳಗೇ ಹೋಗಿತ್ತಂತೆ, ಒಳಗೆ ನುಗ್ಗುವ ನೀರನ್ನು ಎತ್ತಲು ಕಟ್ಟಿದ್ದು ಇದು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಯವರ ಕೈಕೆಲಸ.

“ಪಂಪ್ ಮನಿ ನೋಡಾಕ ಪಂಪ್ ರಿಪೇರಿ ಆದಾಂವ ಬಂದೇನಿ ನೋಡು,” ಎಂದರು ನಮ್ಮವರು. ಏಳು ತಿಂಗಳಲ್ಲಿ ಇವರ ಬಾಯಿಂದ ಬಂದ ಮೊದಲ ಚೇಷ್ಟೆ. ನಾನು ಕಣ್ಣೊರೆಸಿಕೊಂಡೆ, ತಪ್ಪನ್ನು ಗಾಳಿಯ ಮೇಲೆ ಹಾಕಿದೆ.

ಕ್ಯಾಮೆರಾ ಎತ್ತಿದವರು ಇಳಿಸಲೇ ಇಲ್ಲ. ಮೊಣಕಾಲೂರಿ, ಬಂಡೆಗೆ ಒರಗಿ, ಕೊನೆಗೆ ಹೊಟ್ಟೆಯ ಮೇಲೆ ಮಲಗಿ ತೆಗೆದರು. ಏರಿದ ನೀರು ಗೋಡೆಯ ಬುಡದವರೆಗೆ ಬಂದಿತ್ತು, ಚಿಮಣಿಯ ನೆರಳು ಅದರಲ್ಲಿ ನಡುಗುತ್ತಿತ್ತು. “ಹನ್ನೊಂದಕ್ಕ ಬಂದಿದ್ರ ಬರೇ ಕೆಸರು ಸಿಗ್ತಿತ್ತು. ರಾಹುಕಾಲ ಕಾದದ್ದು ಚಲೋ ಆತೋ ಇಲ್ಲೋ?” ಎಂದು ಹುಬ್ಬು ಹಾರಿಸಿದರು. ವಾದ ಮಾಡಲು ಮನಸ್ಸಾಗಲಿಲ್ಲ, ಹೌದೆಂದೆ.

ನಾಲ್ಕರ ದೋಣಿ ಸಿಕ್ಕಿತು. ಇವರು ಫೋಟೋಗಳನ್ನು ಮತ್ತೆ ಮತ್ತೆ ನೋಡುತ್ತ ಕೂತರು. ದ್ವೀಪ ಹಿಂದೆ ಸಣ್ಣದಾಗುತ್ತ ಹೋಯಿತು. ತಾಸಿನ ಹಿಂದೆ ಹತ್ತಿ ಇಳಿದ ಆ ಗುಡ್ಡವನ್ನು ಒಮ್ಮೆ ತಿರುಗಿ ನೋಡಿದರು. ಆಮೇಲೆ ಫೋನು ತೆಗೆದು ಏನೋ ಹುಡುಕತೊಡಗಿದರು.

“ಏನು ಹುಡುಕ್ತೀರಿ?”

“ಸುಮ್ನಿರು, ಲೆಕ್ಕ ತಪ್ತದ,” ಎಂದು ಬೆರಳು ಮಡಚುತ್ತ ಕೇಳಿದರು, “ಐರ್ಲೆಂಡ್‌ನ್ಯಾಗ ರಾಹುಕಾಲ ಎಷ್ಟಕ್ಕ ಸುರು ಆಗ್ತದ?”